ಆಳಿಗೆ ನಿಷ್ಠೆ, ಆಳುವವನಿಗೆ?

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಆಟಗಾರರಲ್ಲಿ ಹೆಸರಾಂತನೊಬ್ಬ ಒಂದು ತಂಡವನ್ನು ಬಿಟ್ಟು ಇನ್ನೊಂದನ್ನು ಸೇರಿದನೆಂಬ ಸುದ್ದಿ ಬಂದಾಗಲೆಲ್ಲ ಒಂದು ಹಾಡು ತಪ್ಪದೆ ಕೇಳಿಬರುತ್ತದೆ. ಹಿಂದಿನವರು ಆಟಕ್ಕಾಗಿ ಆಡಿದರು, ಇಂದಿನವರು ಹಣಕ್ಕಾಗಿ ಆಡುತ್ತಾರೆ. ಹಿಂದಿನವರಲ್ಲಿ ನಿಷ್ಠೆಯಿತ್ತು, ಇಂದಿನವರಲ್ಲಿ ಲೆಕ್ಕಾಚಾರವಿದೆ ಎಂಬುದು ಅದರ ಪಲ್ಲವಿ. ಆ ದೇಶದ ಅಂಕಣಕಾರರು ಹಾಡುತ್ತಾರೆ. ಬೆಳಗಿನ ಕಾಫಿಯೊಡನೆ ಕ್ರೀಡಾಪುಟ ಓದುವ ನಮ್ಮವರೂ ದನಿಗೂಡಿಸುತ್ತಾರೆ. ಕೇಳಲು ಇಂಪಾದ ಹಾಡೇ ಸರಿ. ಆದರೆ ಅದು ಚರಿತ್ರೆಯಾಗಿ ಸುಳ್ಳು, ನೀತಿಯಾಗಿ ಅನ್ಯಾಯ. ಇವೆರಡನ್ನೂ ತೋರಿಸಲು ಆಸ್ಕರ್ ರಾಬರ್ಟ್‌ಸನ್ ಎಂಬ ಒಬ್ಬನೇ ಆಟಗಾರನ ವೃತ್ತಿಜೀವನ ಸಾಕು.

ರಾಬರ್ಟ್‌ಸನ್ ಹುಟ್ಟಿದ್ದು 1938ರಲ್ಲಿ. ಬೆಳೆದದ್ದು ಇಂಡಿಯಾನಾಪೊಲಿಸ್ ನಗರದ ಬಡ ಕಪ್ಪು ಜನರ ಕೇರಿಯಲ್ಲಿ. ಆತ ಓದಿದ ಕ್ರಿಸ್ಪಸ್ ಅಟಕ್ಸ್ ಶಾಲೆ ಕಪ್ಪು ಮಕ್ಕಳಿಗೆಂದೇ ಬೇರೆ ಮಾಡಿಟ್ಟಿದ್ದ ಶಾಲೆ. 1955ರಲ್ಲಿ ಆ ಶಾಲೆ ಇಂಡಿಯಾನಾ ರಾಜ್ಯದ ಪಂದ್ಯಾವಳಿಯನ್ನು ಗೆದ್ದಿತು. ಮರುವರ್ಷ ಮತ್ತೆ ಗೆದ್ದಿತು. ಮೊದಲ ಗೆಲುವಿನ ದಿನ ಹುಡುಗರ ಮೆರವಣಿಗೆಗೆ ಊರ ನಡುವೆ ನಿಂತು ಸಂಭ್ರಮಿಸಲು ಎಡೆ ಸಿಗಲಿಲ್ಲ; ಅವರನ್ನು ಕಪ್ಪು ಜನರ ಬಡಾವಣೆಯ ಉದ್ಯಾನವೊಂದಕ್ಕೆ ಸಾಗಹಾಕಲಾಯಿತು. ಊರಿಗೆ ಕೀರ್ತಿ ಬೇಕಿತ್ತು. ಕೀರ್ತಿ ತಂದವರು ಬೇಕಿರಲಿಲ್ಲ. ನಿಷ್ಠೆಯ ಮಾತನಾಡುವವರು ಇದನ್ನು ಮೊದಲು ನೆನಪಿನಲ್ಲಿಡಬೇಕು.

ಸಿನ್ಸಿನಾಟಿ ವಿಶ್ವವಿದ್ಯಾನಿಲಯದಲ್ಲಿ ಓದಿ ಆಡಿ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ಆತ ಅದೇ ಊರಿನ ರಾಯಲ್ಸ್ ತಂಡವನ್ನು ಸೇರಿದ. ಸೇರಿದ ಎಂಬುದು ಮರ್ಯಾದೆಯ ಮಾತು. ಸುತ್ತಲಿನ ಪ್ರದೇಶದ ಕಾಲೇಜು ಆಟಗಾರನನ್ನು ಅಲ್ಲಿನ ತಂಡವೇ ಮೊದಲು ಹಕ್ಕಿನಿಂದ ಎತ್ತಿಕೊಳ್ಳಬಹುದೆಂಬ ನಿಯಮ ಆಗ ಇತ್ತು. ಅದಕ್ಕಿಂತ ಬಿಗಿಯಾದ ಇನ್ನೊಂದು ಗಂಟೂ ಇತ್ತು: ಕರಾರಿನ ಅವಧಿ ಮುಗಿದ ಮೇಲೂ ಆಟಗಾರನ ಮೇಲಿನ ಹಕ್ಕು ತಂಡದಲ್ಲಿಯೇ ಉಳಿಯುತ್ತಿತ್ತು. ಅವರು ಕೊಟ್ಟಷ್ಟಕ್ಕೆ ಒಪ್ಪಬೇಕು, ಇಲ್ಲವೆ ಮನೆಯಲ್ಲಿ ಕೂರಬೇಕು. ಮಾಲೀಕ ಮಾತ್ರ ಇಷ್ಟಬಂದಾಗ ಆಟಗಾರನನ್ನು ಬೇರೆ ತಂಡಕ್ಕೆ ಅದಲುಬದಲು ಮಾಡಬಹುದಿತ್ತು.

1961-62ರ ಋತುವಿನಲ್ಲಿ ರಾಬರ್ಟ್‌ಸನ್ ಪಂದ್ಯವೊಂದಕ್ಕೆ ಸರಾಸರಿ 30.8 ಅಂಕ ಗಳಿಸಿದ, 12.5 ಬಾರಿ ಹಲಗೆಯಿಂದ ಮರಳಿದ ಚೆಂಡನ್ನು ಹಿಡಿದ, 11.4 ಬಾರಿ ಜೊತೆಯವರಿಗೆ ಚೆಂಡನ್ನು ಒದಗಿಸಿ ಬುಟ್ಟಿ ಸೇರುವಂತೆ ಮಾಡಿದ. ಮೂರರಲ್ಲಿಯೂ ಸರಾಸರಿ ಎರಡಂಕಿ ತಲುಪುವ ಈ ಸಾಧನೆಯನ್ನು ಇನ್ನೊಬ್ಬ ಮಾಡಲು, ಅಂದರೆ ರಸೆಲ್ ವೆಸ್ಟ್‌ಬ್ರೂಕ್ 2016-17ರಲ್ಲಿ ಮಾಡಲು, 55 ವರ್ಷ ಬೇಕಾಯಿತು. ಇಂಥ ಆಟಗಾರ ಹತ್ತು ವರ್ಷ ಒಂದೇ ತಂಡದಲ್ಲಿದ್ದ. ಅದನ್ನು ನಿಷ್ಠೆಯೆಂದು ಕೊಂಡಾಡುವವರನ್ನು ಕೇಳುತ್ತೇನೆ: ಗೂಟಕ್ಕೆ ಕಟ್ಟಿದ ಹಸು ಕೊಟ್ಟಿಗೆಯನ್ನು ಬಿಟ್ಟುಹೋಗಲಿಲ್ಲವೆಂದು ಅದರ ಸ್ವಾಮಿಭಕ್ತಿಯನ್ನು ಹೊಗಳುವುದುಂಟೆ? ಬಿಟ್ಟುಹೋಗುವ ದಾರಿಯಿರುವಲ್ಲಿ ಉಳಿದರೆ ಅದು ನಿಷ್ಠೆ. ದಾರಿಯೇ ಇಲ್ಲದಾಗ ಉಳಿಯುವುದು ಗುಣವಲ್ಲ, ಸ್ಥಿತಿ.

ಆ ಕಾಲದವರು ಲೆಕ್ಕಾಚಾರ ಮಾಡುತ್ತಿರಲಿಲ್ಲವೆಂಬುದೂ ಕಟ್ಟುಕತೆ. 1964ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ ನಡೆಯಬೇಕಿದ್ದ ತಾರಾ ಆಟಗಾರರ ಪಂದ್ಯದ ಸಂಜೆ, ನಿವೃತ್ತಿ ವೇತನದ ಭರವಸೆ ದೊರೆಯುವವರೆಗೆ ಅಂಗಳಕ್ಕೆ ಇಳಿಯುವುದಿಲ್ಲವೆಂದು ಆಟಗಾರರು ಕೋಣೆಯಲ್ಲಿಯೇ ಕುಳಿತರು. ದೂರದರ್ಶನದವರು ಕಾದಿದ್ದರು, ಜನ ಕಾದಿದ್ದರು. ಭರವಸೆ ದೊರೆಯಿತು, ಪಂದ್ಯ ನಡೆಯಿತು, ಅದರ ಶ್ರೇಷ್ಠ ಆಟಗಾರನೆಂಬ ಗೌರವ ರಾಬರ್ಟ್‌ಸನ್‌ಗೇ ಸಂದಿತು. ಮರುವರ್ಷ ಆತ ಆಟಗಾರರ ಸಂಘದ ಅಧ್ಯಕ್ಷನಾದ. ಅಂದಿನ ಆಟಗಾರರಲ್ಲಿ ಎಷ್ಟೋ ಮಂದಿ ಬಿಡುವಿನ ತಿಂಗಳುಗಳಲ್ಲಿ ಬೇರೆ ನೌಕರಿ ಹಿಡಿದು ಸಂಸಾರ ತೂಗಿಸುತ್ತಿದ್ದರು. ಹಣದ ಚಿಂತೆ ಅವರಿಗಿರಲಿಲ್ಲವೆನ್ನುವವರು ಬಡತನವನ್ನು ವೈರಾಗ್ಯವೆಂದು ತಪ್ಪಾಗಿ ಓದುತ್ತಿದ್ದಾರೆ.

1970ರಲ್ಲಿ ಪ್ರತಿಸ್ಪರ್ಧಿ ಸಂಘವೊಂದನ್ನು ತನ್ನೊಳಗೆ ಸೇರಿಸಿಕೊಳ್ಳಲು ಎನ್.ಬಿ.ಎ. ಹೊರಟಿತು. ಎರಡು ಸಂಘಗಳಿದ್ದಾಗ ಆಟಗಾರನಿಗೆ ಎರಡು ಬಾಗಿಲಾದರೂ ಇದ್ದವು; ಒಂದಾದರೆ ಅದೂ ಇಲ್ಲ. ಅದನ್ನು ತಡೆಯಲು, ಕರಾರಿನ ಆ ಗಂಟನ್ನು ಬಿಡಿಸಲು, ರಾಬರ್ಟ್‌ಸನ್ ಮತ್ತು ಸಂಗಡಿಗರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅದೇ ವರ್ಷ ರಾಯಲ್ಸ್ ತಂಡ ಆತನನ್ನು ಮಿಲ್ವಾಕಿಗೆ ಕೊಟ್ಟು, ಬದಲಿಗೆ ಇಬ್ಬರು ಆಟಗಾರರನ್ನು ತಂದುಕೊಂಡಿತು. ಹತ್ತು ವರ್ಷದ ದುಡಿಮೆಯ ಬೆಲೆ ಅಷ್ಟು! ಮರುವರ್ಷವೇ, 1971ರಲ್ಲಿ, ಆತ ಕರೀಂ ಅಬ್ದುಲ್ ಜಬ್ಬಾರ್ ಜೊತೆಗೂಡಿ ಮಿಲ್ವಾಕಿಗೆ ಪಟ್ಟ ಗೆದ್ದುಕೊಟ್ಟ. ಇನ್ನು ರಾಯಲ್ಸ್? 1972ರಲ್ಲಿ ಅದು ಸಿನ್ಸಿನಾಟಿಯನ್ನೇ ತೊರೆದು ಕಾನ್ಸಾಸ್ ಸಿಟಿಗೆ ಹೋಯಿತು. 1985ರಲ್ಲಿ ಅಲ್ಲಿಂದಲೂ ಎದ್ದು ಸ್ಯಾಕ್ರಮೆಂಟೊ ಸೇರಿತು.

ಇದು ಒಂದು ತಂಡದ ಕತೆಯಲ್ಲ. ಸರೋವರಗಳ ನಾಡಿನಲ್ಲಿ ಲೇಕರ್ಸ್ ಎಂದು ಹೆಸರು ಪಡೆದ ತಂಡ 1960ರಲ್ಲಿ ಮಿನಿಯಾಪೊಲಿಸ್‌ನಿಂದ ಲಾಸ್ ಏಂಜಲೀಸ್‌ಗೆ ಹೋಯಿತು. ಸರೋವರಗಳು ಹಿಂದೆಯೇ ಉಳಿದವು. ಸಿಯಾಟಲ್‌ನಲ್ಲಿ ನಾಲ್ಕು ದಶಕ ಬೇರೂರಿದ್ದ ತಂಡವನ್ನು ಅದರ ಹೊಸ ಮಾಲೀಕರು 2008ರಲ್ಲಿ ಒಕ್ಲಹೋಮಾ ಸಿಟಿಗೆ ಹೊತ್ತೊಯ್ದರು. ಆ ತಂಡದೊಡನೆ ಹೋದ ಎಳೆಯ ಆಟಗಾರ ಕೆವಿನ್ ಡ್ಯುರಾಂಟ್, ಕರಾರು ಮುಗಿದ ಮೇಲೆ 2016ರಲ್ಲಿ ತಾನಾಗಿ ಇನ್ನೊಂದು ತಂಡಕ್ಕೆ ಹೋದಾಗ ಒಕ್ಲಹೋಮಾದ ಅಭಿಮಾನಿಗಳು ದ್ರೋಹಿಯೆಂದು ಕೂಗಿದರು. ಇಡೀ ತಂಡವನ್ನೇ ಇನ್ನೊಂದು ಊರಿನಿಂದ ಪಡೆದವರು ಒಬ್ಬ ಆಟಗಾರ ಹೋದದ್ದಕ್ಕೆ ದ್ರೋಹವೆಂದು ಗೋಳಾಡಿದರೆ ನಗುವುದೋ ಅಳುವುದೋ! 2025ರ ಫೆಬ್ರವರಿಯಲ್ಲಿ ಡಲ್ಲಾಸ್ ತಂಡ ತನ್ನ ತಾರೆ ಲೂಕಾ ಡಾನ್ಚಿಚ್‌ನನ್ನು ಆತನ ಅರಿವಿಗೂ ಬಾರದಂತೆ ಲಾಸ್ ಏಂಜಲೀಸ್‌ಗೆ ಕಳುಹಿಸಿತು. ತಂಡ ಮಾಡಿದರೆ ವ್ಯವಹಾರ. ಆಟಗಾರ ಮಾಡಿದರೆ ದ್ರೋಹ!

ಇದಕ್ಕೆ ಎರಡು ಆಕ್ಷೇಪಗಳುಂಟು. ಕೋಟಿಗಟ್ಟಲೆ ಗಳಿಸುವವನ ಕಷ್ಟ ಒಂದು ಕಷ್ಟವೇ ಎಂಬುದು ಮೊದಲನೆಯದು. ಅಲ್ಲದಿರಬಹುದು. ಆದರೆ ಆ ಕೋಟಿ ಆಟಗಾರನ ಕೈಸೇರದಿದ್ದರೆ ಬಡವರ ಮನೆಗೇನೂ ಹೋಗುವುದಿಲ್ಲ, ಮಾಲೀಕನ ತಿಜೋರಿಗೆ ಹೋಗುತ್ತದೆ. ಬೆವರು ಹರಿಸಿದವನ ಪಾಲನ್ನು ಕಂಡು ಕಣ್ಣುರಿಯುವ ನಮಗೆ, ಕಟ್ಟಡದ ಮೇಲಿನ ಪೀಠದಲ್ಲಿ ಕುಳಿತವನ ಪಾಲು ಕಾಣುವುದೇ ಇಲ್ಲವೇಕೆ? ಎರಡನೆಯದು, ಅಭಿಮಾನಿಯ ನೋವು. ಅದು ನಿಜವಾದ ನೋವು; ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪ್ರೀತಿ ಒಡೆತನದ ಪತ್ರವಲ್ಲ. ಕರಾರು ಇರುವಷ್ಟು ದಿನ ದುಡಿದವನು ಕರಾರು ಮುಗಿದ ಮೇಲೆ ಎಲ್ಲಿಗೆ ಹೋದರೂ ಯಾರ ಸೊತ್ತನ್ನೂ ಕದ್ದೊಯ್ದಂತಾಗಲಿಲ್ಲ.

ನಮ್ಮ ಸಾಹಿತ್ಯವನ್ನು ಬಲ್ಲವರು ಇಲ್ಲಿ ಪಂಪನ ಕರ್ಣನನ್ನು ನೆನೆದು ಜೋಳವಾಳಿಯ ಮಾತೆತ್ತಬಹುದು. ಎತ್ತಲಿ. ಉಂಡ ಅನ್ನದ ಋಣ ತೀರಿಸುವ ಆ ಧರ್ಮ ದೊಡ್ಡದು. ಆದರೆ ಅದು ಒಂದು ಕಡೆಯ ಧರ್ಮವಾಗಿರಲಿಲ್ಲ. ದುರ್ಯೋಧನ ಮೊದಲು ಅಂಗರಾಜ್ಯವನ್ನು ಕೊಟ್ಟ. ಕರ್ಣ ಆಮೇಲೆ ಪ್ರಾಣ ಕೊಟ್ಟ. ನಮ್ಮ ಶಾಸನಗಳಲ್ಲಿ ಕಾದಿ ಸತ್ತ ವೀರನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆಯೆಂದು ಹೆಸರೇ ಇದೆ. ಒಡೆಯನಿಗೂ ಋಣವಿತ್ತು, ಅದನ್ನು ಆತ ಕಲ್ಲಿನ ಮೇಲೆ ಬರೆಸುತ್ತಿದ್ದ. ಕೊಡಗೆಯನ್ನು ಮರೆತು ಜೋಳವಾಳಿಯನ್ನು ಮಾತ್ರ ನೆನೆಯುವುದು ಧರ್ಮವಲ್ಲ, ಒಡೆಯನ ವಕಾಲತ್ತು.

ಈ ವಕಾಲತ್ತು ನಮಗೇನೂ ಹೊಸತಲ್ಲ. ಕವಿಯನ್ನು ದೂರದೂರಿನಿಂದ ಕರೆಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಬಸ್ಸಿನ ಖರ್ಚಿನ ಮಾತು ಬಂದೊಡನೆ ಸರಸ್ವತಿಯನ್ನು ಮಾರಬಾರದೆಂದು ಉಪದೇಶಿಸುವ ಸಂಘಟಕರು ನಮ್ಮಲ್ಲಿ ಎಷ್ಟಿಲ್ಲ? ಶಾಮಿಯಾನದವನಿಗೆ ಮಾತ್ರ ಮುಂಗಡ ಸಂದಿರುತ್ತದೆ. ಆನಂದ ಕೊಡುವವನು ಬೆಲೆ ಕೇಳಬಾರದೆಂಬ ಈ ನೀತಿಯನ್ನು ಮಾಡಿದವರು ಆನಂದ ಕೊಡುವವರಂತೂ ಅಲ್ಲ.

ರಾಬರ್ಟ್‌ಸನ್ 1974ರಲ್ಲಿ ಆಟವನ್ನು ಬಿಟ್ಟ. ಆತನ ಹೆಸರಿನ ದಾವೆ ರಾಜಿಯಾಗಿ, ಕರಾರಿನ ಆ ಗಂಟು ಸಡಿಲಗೊಂಡದ್ದು 1976ರಲ್ಲಿ. ಯಾವ ಕಟ್ಟೂ ಇಲ್ಲದೆ ತಂಡ ಆರಿಸಿಕೊಳ್ಳುವ ಪೂರ್ಣ ಸ್ವಾತಂತ್ರ್ಯ ಹಿರಿಯ ಆಟಗಾರರಿಗೆ ದೊರೆಯಲು 1988 ಬರಬೇಕಾಯಿತು. ಆ ಸ್ವಾತಂತ್ರ್ಯದಿಂದ ಆತ ಒಂದು ಪಂದ್ಯವನ್ನೂ ಆಡಲಿಲ್ಲ. ತನಗಿಂತ ಕಿರಿಯರು, ಇನ್ನೂ ಹುಟ್ಟದವರು ಅದನ್ನು ಉಂಡರು. ಹಿಂದಿನವರ ನಿಷ್ಠೆಯನ್ನು ಹಾಡಿ ಹೊಗಳುವವರು ಇದನ್ನು ಹಾಡಲಿ: ಆ ನಿಷ್ಠೆ ಮಾಲೀಕನಿಗೆ ಸಂದದ್ದಲ್ಲ, ಅದೇ ಅಂಗಳದಲ್ಲಿ ದುಡಿಯುವ ತನ್ನ ಜೊತೆಯವರಿಗೆ ಸಂದದ್ದು.