ಅಟ್ಟದ ಮೇಲಿನ ಚೀನಿಕಾಯಿ, ಬಟ್ಟಲಿನ ಸೂಪು

ಸಂಘದ ಪತ್ರಿಕೆಯಲ್ಲಿ ಕಾಫಿ ಧಾರಣೆ, ಅಡಿಕೆ ಧಾರಣೆ, ಗೊಬ್ಬರದ ದಾಸ್ತಾನು, ಸಾಲ ವಸೂಲಿ ಇವುಗಳನ್ನು ಬಿಟ್ಟು ಕಾರ್ಯದರ್ಶಿಯು ಸೂಪು ಮಾಡುವ ವಿಷಯ ಬರೆಯಲು ಹೊರಟಿದ್ದಾನೆಂದು ಕೆಲವು ಸದಸ್ಯರು ಹುಬ್ಬೇರಿಸಬಹುದು. ಹುಬ್ಬೇರಿಸಲಿ. ಅಡಿಗೆಮನೆಯ ಖರ್ಚೂ ತೋಟದ ಖರ್ಚೇ ಎಂದು ತಿಳಿದವರ ಪೈಕಿ ನಾನೂ ಒಬ್ಬ.

ಕಳೆದ ಮಳೆಗಾಲದಲ್ಲಿ ಸದಸ್ಯರೊಬ್ಬರ ಮನೆಗೆ ಸಂಘದ ಕೆಲಸದ ಮೇಲೆ ಹೋಗಿದ್ದೆ. ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಮನೆಯಾಕೆ ಬಿಸಿಬಿಸಿ ಸೂಪು ತಂದುಕೊಟ್ಟರು. ಪೇಟೆಯ ಪೊಟ್ಟಣದ ಸೂಪು. ಉಪ್ಪು ಮುಂದು, ಜೋಳದ ಹಿಟ್ಟಿನ ಲೋಳೆ ಹಿಂದು. ಕೈ ತೊಳೆಯಲು ಹೊರಗೆ ಬಂದಾಗ ನೋಡುತ್ತೇನೆ, ಗೊಬ್ಬರಗುಂಡಿಯ ಅಂಚಿನಲ್ಲಿ ತಾನಾಗಿ ಹುಟ್ಟಿದ ಬಳ್ಳಿಯಲ್ಲಿ ಎರಡು ದಪ್ಪ ಚೀನಿಕಾಯಿ ಅರ್ಧ ಕೊಳೆತು ಬಿದ್ದಿವೆ. ಕೇಳಿದ್ದಕ್ಕೆ, "ಪಲ್ಯ ಮಾಡಿದರೆ ಯಾರೂ ಮುಟ್ಟೋದಿಲ್ಲ ಅಣ್ಣ, ದನಕ್ಕೆ ಹಾಕೋಣ ಎಂದರೆ ದನವೂ ಇಲ್ಲ" ಎಂದರು. ಆಕೆಯನ್ನು ನಾನು ದೂರುವುದಿಲ್ಲ. ನಮ್ಮೆಲ್ಲರ ಮನೆಯ ಕಥೆಯೂ ಹೆಚ್ಚುಕಡಿಮೆ ಇದೇ ಆಗಿದೆ.

ನಮ್ಮ ಹಿರಿಯರ ಕಾಲದಲ್ಲಿ ಗದ್ದೆ ಕೊಯ್ಲು ಮುಗಿದ ಮೇಲೆ ಹಿತ್ತಿಲಲ್ಲಿ ನಾಲ್ಕು ಗುಂಡಿ ತೋಡಿ, ಸುಡುಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಬೀಜ ಊರುತ್ತಿದ್ದರು. ಮಳೆ ಹಿಡಿಯುವುದರೊಳಗೆ ಬಲಿತ ಕಾಯಿ ಅಟ್ಟ ಸೇರಬೇಕು, ಇದು ಲೆಕ್ಕ. ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ನೇತುಹಾಕುತ್ತಿದ್ದರು. ಚೀನಿಕಾಯಿಯನ್ನು ಒಂದಕ್ಕೊಂದು ತಾಗದಂತೆ ಹುಲ್ಲಿನ ಮೇಲೆ ಇಡುತ್ತಿದ್ದರು. ಈಗ ಅಡಿಕೆಗೆ ಬೆಲೆ ಬಂದಮೇಲೆ ಗದ್ದೆ ಹೋಯಿತು, ಹಿಂದೆಯೇ ಹಿತ್ತಿಲೂ ಹೋಯಿತು. ಅಂಗಳದ ಮೆಟ್ಟಿಲಿನವರೆಗೆ ಸಸಿ ನೆಟ್ಟವರನ್ನು ನಾನು ಬಲ್ಲೆ. 1970ರಲ್ಲಿ ಅಡಿಕೆಯ ಬೆಲೆ ನೆಲಕಚ್ಚಿ, 1973ರಲ್ಲಿ ಕ್ಯಾಂಪ್ಕೊ ಹುಟ್ಟಬೇಕಾಯಿತು. ಆ ಮೂರು ವರ್ಷ ನಮ್ಮ ಮನೆಯಲ್ಲಿ ಒಲೆ ಉರಿದದ್ದು ಹಿತ್ತಿಲಿನ ದೆಸೆಯಿಂದ ಎಂದು ತಂದೆಯವರು ಹೇಳುತ್ತಿದ್ದರು. ಅದು ಹಳೆಯ ಮಾತು ಎನ್ನುವವರು 2019ರ ಆಗಸ್ಟನ್ನು ನೆನೆಯಲಿ. ಚಾರ್ಮಾಡಿ ಘಾಟಿ ಕುಸಿದು, ಮೂಡಿಗೆರೆ ಕಡೆಯ ಒಳದಾರಿಗಳೆಲ್ಲ ಮುಚ್ಚಿದಾಗ ತರಕಾರಿ ವ್ಯಾನು ನಮ್ಮ ಊರಿಗೆ ಬರಲಿಲ್ಲ. ಅಟ್ಟದಲ್ಲಿ ಕಾಯಿ ಇದ್ದ ಮನೆಯವರು ಪಕ್ಕದ ಮನೆಗೂ ಹೋಳು ಕೊಟ್ಟರು.

ಇನ್ನು ಸೂಪಿನ ವಿಚಾರ. ಸೂಪು ನುಣ್ಣಗೆ, ಕೆನೆಯಂತೆ ಬರಬೇಕಾದರೆ ಪೇಟೆಯ ಕ್ರೀಮು ಬೇಕು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಹೋಟೆಲಿನವರು ಮೈದಾ ಹಾಕುತ್ತಾರೆ, ಅದು ಸೂಪಲ್ಲ, ಗೋಡೆಗೆ ಕಾಗದ ಅಂಟಿಸುವ ಅಂಟು. ಕೆನೆತನ ಇರುವುದು ಬಲಿತ ಕಾಯಿಯ ತಿರುಳಿನಲ್ಲೇ. ತೊಟ್ಟು ಒಣಗಿ ಬೆಂಡಿನಂತಾಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ಕೊಯ್ಯುವಾಗ ಎರಡು ಅಂಗುಲ ತೊಟ್ಟು ಬಿಟ್ಟೇ ಕೊಯ್ಯಬೇಕು, ಇಲ್ಲವಾದರೆ ಅಲ್ಲಿಂದಲೇ ಕೊಳೆ ಹಿಡಿಯುತ್ತದೆ. ಕೊಯ್ದು ಕೆಲವು ವಾರ ಇಟ್ಟರೆ ಒಳಗಿನ ಪಿಷ್ಟ ಸಕ್ಕರೆಯಾಗಿ ರುಚಿ ಏರುತ್ತದೆ. ಎಳೆಯ ಕಾಯಿ ಹುಳಿಗೆ ಸರಿ, ಸೂಪಿಗೆ ನೀರು ನೀರು. ಬೂದುಗುಂಬಳ ಈ ಕೆಲಸಕ್ಕೆ ಬಾರದು. ಸೀಮೆಬದನೆ ಬರುತ್ತದೆ, ಆದರೆ ಜೊತೆಗೊಂದು ಆಲೂಗೆಡ್ಡೆ ಬೇಯಿಸಬೇಕು.

ಎರಡನೆಯ ತಪ್ಪು, ಹೋಳನ್ನು ಚೆಂಬು ಚೆಂಬು ನೀರಿನಲ್ಲಿ ಮುಳುಗಿಸಿ ಬೇಯಿಸುವುದು. ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಕೆಂಡ ಸಂಜೆ ಹೇಗೂ ಇರುತ್ತದೆ. ಕಾಯಿಯನ್ನು ದೊಡ್ಡ ಸೀಳುಗಳಾಗಿ ಮಾಡಿ, ಸಿಪ್ಪೆ ಕೆಳಗಾಗಿ ಕೆಂಡದ ಮೇಲಿಟ್ಟು ಬಾಳೆಲೆ ಮುಚ್ಚುತ್ತೇವೆ. ಚಾಕು ಸಲೀಸಾಗಿ ಇಳಿದರೆ ಆಯಿತು. ಸಿಪ್ಪೆ ಕರಿಯಾದರೂ ಚಿಂತೆಯಿಲ್ಲ, ತಿರುಳನ್ನು ಚಮಚದಲ್ಲಿ ತೋಡಿಕೊಳ್ಳುವುದು. ಕೆಂಡವಿಲ್ಲದವರು ಇಡ್ಲಿ ಪಾತ್ರೆಯಲ್ಲಿ ಹಬೆಗಿಡಲಿ. ಒಂದು ಕಿಲೋ ತಿರುಳಿಗೆ ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಚೂರು ಶುಂಠಿ; ಇವನ್ನು ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ತಿರುಗದಂತೆ ಬಾಡಿಸಿ, ತಿರುಳು, ಒಂದು ಹಿಡಿ ಅನ್ನ, ಮೂರು ಲೋಟ ನೀರು ಸೇರಿಸಿ ಹತ್ತು ನಿಮಿಷ ಕುದಿಸಬೇಕು. ಆ ಹಿಡಿ ಅನ್ನವೇ ಮೈದಾದ ಕೆಲಸ ಮಾಡುತ್ತದೆ. ಆರಿದ ಮೇಲಷ್ಟೇ ಮಿಕ್ಸಿಗೆ. ಬಿಸಿಯದನ್ನು ಹಾಕಿ ಮುಚ್ಚಳ ಹಾರಿ ಅಡಿಗೆಮನೆಯ ಗೋಡೆಯೆಲ್ಲ ಹಳದಿಯಾದ ಪ್ರಸಂಗ ನನ್ನದೇ. ಆ ವಾರ ಮನೆಯಲ್ಲಿ ನನಗೆ ಮಾತಿರಲಿಲ್ಲ. ನುಣ್ಣಗೆ ರುಬ್ಬಿ, ಜಾಲರಿಯಲ್ಲಿ ಸೋಸಿ, ಮತ್ತೆ ಒಲೆಗಿಟ್ಟು ಒಂದು ಲೋಟ ಕಾದಾರಿದ ಹಾಲು ಅಥವಾ ಅರ್ಧ ತೆಂಗಿನಕಾಯಿಯ ಗಟ್ಟಿ ಹಾಲು ಹಾಕಿ, ಕುದಿ ಬರುವ ಮೊದಲೇ ಇಳಿಸಬೇಕು. ಟೊಮೆಟೊ, ಹುಳಿ ಸೇರಿಸಿದರೆ ಹಾಲು ಒಡೆಯುತ್ತದೆ. ಮೇಲೆ ಕುಟ್ಟಿದ ಕಾಳುಮೆಣಸು, ಅದೂ ನಮ್ಮ ಬಳ್ಳಿಯದೇ.

ನನ್ನ ತಾಯಿಗೆ ಎಂಬತ್ತು ದಾಟಿದೆ, ಹಲ್ಲಿಲ್ಲ. ಮಳೆಗಾಲದ ರಾತ್ರಿ ಅವರು ಗಂಜಿಯನ್ನು ಅರ್ಧಕ್ಕೇ ತಳ್ಳುತ್ತಿದ್ದರು. ಈ ಸೂಪಿನ ಬಟ್ಟಲನ್ನು ಮಾತ್ರ ಹಿಂದಕ್ಕೆ ಕಳಿಸಿದ್ದಿಲ್ಲ. ಇದನ್ನು ಬರೆಯಲು ನಿಜವಾದ ಕಾರಣ ಇದೇ. ನಮ್ಮ ಸದಸ್ಯರ ಪಟ್ಟಿಯನ್ನು ತೆಗೆದು ನೋಡಿದರೆ ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ವಯಸ್ಸಾದ ಗಂಡಹೆಂಡತಿ ಇಬ್ಬರೇ ತೋಟದ ಮನೆಯಲ್ಲಿ ಉಳಿದಿರುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ರಾತ್ರಿ ಅಡಿಗೆಗೆ ಬೇಸರವಾಗಿ ಬಿಸ್ಕತ್ತು ತಿಂದು ಮಲಗುವವರಿದ್ದಾರೆ. ಧಾರಣೆ ಎಷ್ಟೇ ಇರಲಿ, ಹೀಗಾಗಬಾರದು.

ಮಂಗ, ಕಾಡುಹಂದಿ, ಮುಳ್ಳುಹಂದಿ ಬಿಡುವುದಿಲ್ಲವಲ್ಲ ಎಂಬ ಆಕ್ಷೇಪಣೆ ನನಗೆ ಗೊತ್ತು. ಅದಕ್ಕೆ ನನ್ನಲ್ಲಿ ಪೂರಾ ಉತ್ತರವಿಲ್ಲ. ಮನೆಗೆ ಹತ್ತಿರ, ನಾಯಿ ಕಟ್ಟುವ ಕಡೆ ಎರಡೇ ಬಳ್ಳಿ ಹಬ್ಬಿಸಿದ್ದೇನೆ. ಹತ್ತರಲ್ಲಿ ನಾಲ್ಕು ಮಂಗಕ್ಕೆ, ಆರು ನಮಗೆ. ತೋಟಕ್ಕೆ ಔಷಧಿ ಹೊಡೆಯುವ ಜಾಗದಿಂದ ದೂರವಿರಲಿ. ಮೋಡದ ಬೆಳಿಗ್ಗೆ ಜೇನು ಬಾರದಿದ್ದರೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ತಾಗಿಸಿದರೆ ಕಾಯಿ ನಿಲ್ಲುತ್ತದೆ. ಕಾಯಿ ಚಿಕ್ಕದಿರಲಿ ಎನ್ನುವವರಿಗೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿಯಿದೆ, ಎರಡು ಮೂರು ಕಿಲೋ ತೂಗುತ್ತದೆ. ಅದೇ ಸಂಸ್ಥೆಯ ಅರ್ಕಾ ಸೂರ್ಯಮುಖಿ ಇನ್ನೂ ಚಿಕ್ಕದು, ಹಣ್ಣುನೊಣದ ಕಾಟವನ್ನೂ ತಡೆಯುತ್ತದೆ.

ಊರಿನ ಒಳ್ಳೆಯ ಕಾಯಿಯ ಬೀಜವಿದ್ದವರು ತೊಳೆದು ನೆರಳಿನಲ್ಲಿ ಒಣಗಿಸಿ ಸಂಘದ ಕಚೇರಿಗೆ ತಲುಪಿಸಿದರೆ, ಕೊಟ್ಟವರ ಹೆಸರು ಬರೆದಿಟ್ಟು ಕೇಳಿದವರಿಗೆ ಉಚಿತವಾಗಿ ಹಂಚುತ್ತೇವೆ. ಸೀಮೆಬದನೆಯ ಬೀಜ ತೆಗೆಯಬೇಡಿ, ಮೊಳಕೆ ಬಂದ ಇಡೀ ಕಾಯಿಯನ್ನೇ ತನ್ನಿ. ಒಂದು ಎಚ್ಚರಿಕೆ: ಯಾವುದೇ ಕುಂಬಳ, ಸೋರೆ, ಸೌತೆಯ ಹೋಳು ನಾಲಿಗೆಗೆ ಕಹಿ ಎನಿಸಿದರೆ ಬೇಯಿಸಿ ಸರಿಮಾಡಲು ಹೋಗಬೇಡಿ, ಅದು ವಿಷ. ಆ ಕಾಯಿಯನ್ನು ಗುಂಡಿಗೆ ಹಾಕಿ, ಬೀಜವನ್ನೂ ಇಟ್ಟುಕೊಳ್ಳಬೇಡಿ.