ಸೀರೆ ಕೊಟ್ಟು ಸಹಿ ತಗೊಳ್ಳಬೇಡಿ

ನಮ್ಮ ಕಡೆ ಅಪ್ಪ ಇಲ್ಲವೇ ಅವ್ವ ತೀರಿಕೊಂಡ ಮನೆಯಲ್ಲಿ, ದಿನದ ಕಾರ್ಯ ಮುಗಿದ ಮೇಲೆ ಎರಡು ಕೆಲಸ ಒಟ್ಟೊಟ್ಟಿಗೆ ನಡೆಯುತ್ತವೆ. ಒಂದು, ಹೋದವರ ಸಾಮಾನು ಹಂಚುವುದು. ಇನ್ನೊಂದು, ಹೆಣ್ಣುಮಕ್ಕಳಿಂದ ಹೊಲದ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು. ಈ ಎರಡೂ ಒಂದೇ ದಿನ ನಡೆಯಬಾರದು. ಅಷ್ಟನ್ನು ಹೇಳುವುದಕ್ಕೇ ಈ ಬರಹ. ದೇಶನೂರು ಇರಲಿ, ಸಿರುಗುಪ್ಪ, ಕುರುಗೋಡು ಕಡೆಯ ಯಾವ ಊರೇ ಇರಲಿ, ಮಾತು ಎಲ್ಲರ ಮನೆಗೂ ಸೇರುತ್ತದೆ.

ಹೇಗೆ ನಡೆಯುತ್ತದೆ ಅನ್ನುವುದು ಓದುವ ನಿಮಗೂ ಗೊತ್ತು. ಬೀಗರು ಹೊರಟಿರುತ್ತಾರೆ, ಶಾಮಿಯಾನ ಬಿಚ್ಚಿರುತ್ತಾರೆ. ಮಂಚದ ಕೆಳಗಿನ ಟ್ರಂಕು ಪಡಸಾಲೆಗೆ ಬರುತ್ತದೆ. ಅವ್ವನ ಇಳಕಲ್ ಸೀರೆ ಒಬ್ಬಳಿಗೆ, ತಾಮ್ರದ ಕೊಡ ಇನ್ನೊಬ್ಬಳಿಗೆ, ಕಿವಿಯ ಓಲೆ ದೊಡ್ಡಾಕೆಗೆ. ಅಳು ಇನ್ನೂ ನಿಂತಿರುವುದಿಲ್ಲ. ಅಷ್ಟರಲ್ಲಿ ಹಿರಿಯರೊಬ್ಬರು ಬಾಂಡ್ ಪೇಪರ್ ತೆಗೆಯುತ್ತಾರೆ. "ಹೆಂಗೂ ಎಲ್ಲಾರೂ ಒಂದೇ ಕಡಿ ಕೂಡೀರಿ. ಮತ್ತ ಮತ್ತ ನಿಮ್ಮನ್ನ ಕರಸಾದು ಬ್ಯಾಡ. ಇಲ್ಲೊಂದು ಸಹಿ ಹಾಕಿಬಿಡ್ರಿ."

ಮಡಿಲಲ್ಲಿ ಅವ್ವನ ಸೀರೆ ಇಟ್ಟುಕೊಂಡು ಕೂತವಳು "ಇದರಾಗ ಏನ್ ಬರದೈತಿ" ಅಂತ ಕೇಳುವುದಾದರೂ ಹೇಗೆ? ಕೇಳಿದರೆ ಅವ್ವ ಸತ್ತು ತಿಂಗಳಾಗಿಲ್ಲ, ಇವಳಿಗೆ ಆಸ್ತಿ ಚಿಂತೆ ಅನ್ನುತ್ತಾರೆ. ಆಸ್ತಿ ಚಿಂತೆ ಬಾಂಡ್ ಪೇಪರ್ ತಂದವರಿಗೆ ಮೊದಲೇ ಬಂದಿತ್ತು ಅನ್ನುವುದನ್ನು ಮಾತ್ರ ಯಾರೂ ಅನ್ನುವುದಿಲ್ಲ.

ಸೀರೆಯ ಮೇಲೆ ನಮಗೆ ಸಿಟ್ಟಿಲ್ಲ. ಅವ್ವನ ಹಳೆ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಹೊದ್ದು ಮಲಗಿದ ಊರಿನವರು ನಾವು. ಸತ್ತವರ ವಸ್ತು ಮಕ್ಕಳಿಗೆ ಎಷ್ಟು ದೊಡ್ಡದು ಅಂತ ಗೊತ್ತು. ದೊಡ್ಡದಾಗಿರುವುದಕ್ಕೇ ಅದನ್ನು ಸಹಿಯ ಗಾಳಕ್ಕೆ ಸಿಗಿಸಬಾರದು. ಇನ್ನು ಸೀರೆಯ ಹಿಂದೆ ಒಂದು ಬೆದರಿಕೆಯೂ ಇರುತ್ತದೆ. ಸಹಿ ಹಾಕಿದರೆ ತವರಿನ ಬಾಗಿಲು ತೆರೆದಿರುತ್ತದೆ, ಪಂಚಮಿಗೆ ಕರೆಯಲು ಬರುತ್ತಾರೆ. ಹಾಕದಿದ್ದರೆ ಬರುವುದಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ಎಲ್ಲ ಹೆಣ್ಣುಮಕ್ಕಳಿಗೂ ಇದು ಕೇಳಿಸುತ್ತದೆ.

ಅವಳು ಬಿಟ್ಟುಕೊಡುತ್ತಿರುವುದು ಎಷ್ಟು? ಲೆಕ್ಕ ಹಾಕೋಣ. ಅಪ್ಪ ತಾನೇ ದುಡಿದು ಕೊಂಡ 4 ಎಕರೆ ಇದೆ, ಉಯಿಲು ಬರೆದಿಟ್ಟಿಲ್ಲ ಅಂದುಕೊಳ್ಳಿ. ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಐದು ಸಮಪಾಲು. 4 ಎಕರೆ ಅಂದರೆ 160 ಗುಂಟೆ, ತಲಾ 32 ಗುಂಟೆ. ಅವ್ವನಿಗೂ 32, ಮದುವೆಯಾಗಿ ಹೋದ ಮಗಳಿಗೂ 32. ಸತ್ತವರ ತಾಯಿ ಬದುಕಿದ್ದರೆ ಆಕೆಗೂ ಒಂದು ಪಾಲು ಸೇರಿ ಆರಾಗುತ್ತದೆ.

ಪಿತ್ರಾರ್ಜಿತ ಹೊಲವಾದರೆ ಲೆಕ್ಕ ಬೇರೆ, ಮಗಳ ಹಕ್ಕು ಅಲ್ಲೂ ಇದೆ. ಕರ್ನಾಟಕ 1994ರಲ್ಲೇ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಅದನ್ನು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಅನ್ನುವ ಭೇದವನ್ನೂ ತೆಗೆಯಿತು. ಆ ದಿನ ಅಪ್ಪ ಬದುಕಿರಬೇಕಿತ್ತೇ ಅನ್ನುವ ಗೊಂದಲವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಅಂದು ಬದುಕಿರಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನುಬದ್ಧವಾಗಿ ಮುಗಿದ ಪಾಲುಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ. ಮುಸ್ಲಿಂ ಮನೆಗಳಲ್ಲಿ ಮಗನಿಗೆ ಬರುವುದರ ಅರ್ಧ ಮಗಳಿಗೆ, ಮಕ್ಕಳಿರುವ ವಿಧವೆಗೆ ಎಂಟರಲ್ಲಿ ಒಂದು ಪಾಲು. ಅಲ್ಲೂ ಮಗಳ ಪಾಲು ಸೊನ್ನೆ ಅಲ್ಲ. ಸೊನ್ನೆ ಮಾಡುವುದು ಬಾಂಡ್ ಪೇಪರ್.

ಇದು ಕಲ್ಲುಬೀಳಿನ ಮಾತೂ ಅಲ್ಲ. ತುಂಗಭದ್ರಾ ಅಣೆಕಟ್ಟಿನ ಬಲದಂಡೆ ಕೆಳಮಟ್ಟದ ಕಾಲುವೆ ಬಂದ ಮೇಲೆ ಸಿರುಗುಪ್ಪ ಸೀಮೆಯ ಹೊಲ ಭತ್ತದ ಗದ್ದೆಯಾಗಿದೆ. ನೀರು ಹತ್ತುವ 32 ಗುಂಟೆಯನ್ನು ಒಂದು ಕಡೆ, ಸೀರೆ ಮತ್ತು ತಾಮ್ರದ ಕೊಡವನ್ನು ಇನ್ನೊಂದು ಕಡೆ ತಕ್ಕಡಿಗೆ ಹಾಕಿ ನೋಡಿ. "ಅವ್ವನ ಒಡವೆ ಹೆಣ್ಣುಮಕ್ಕಳಿಗೆ, ಅಪ್ಪನ ಹೊಲ ಗಂಡುಮಕ್ಕಳಿಗೆ" ಅನ್ನುವುದು ಕೇಳಲು ಸಮನಾಗಿದೆ. ತೂಗಿದರೆ ಸಮ ಆಗುವುದಿಲ್ಲ. ಕಾನೂನು ಹಾಗೆ ಹೇಳುವುದೂ ಇಲ್ಲ. ಉಯಿಲಿಲ್ಲದೆ ಹೋದ ಅವ್ವನ ಸ್ವಂತ ಒಡವೆಯಲ್ಲಿ ಗಂಡುಮಕ್ಕಳಿಗೂ, ಬದುಕಿದ್ದರೆ ಗಂಡನಿಗೂ ಹೆಣ್ಣುಮಕ್ಕಳಷ್ಟೇ ಪಾಲಿದೆ. ಅಣ್ಣಂದಿರು ಓಲೆಯಲ್ಲಿ ತಮ್ಮ ಪಾಲು ಧಾರಾಳವಾಗಿ ಬಿಡುತ್ತಾರೆ. ಆ ಧಾರಾಳತನದ ಬೆಲೆ 32 ಗುಂಟೆ.

ಅಣ್ಣತಮ್ಮಂದಿರ ಕಡೆಯ ಮಾತುಗಳೂ ಇವೆ. ಒಂದೊಂದಾಗಿ ನೋಡೋಣ.

"ಮದುವಿಗೆ ಕೊಟ್ಟೀವಲ್ಲ." ಕೊಟ್ಟಿದ್ದೀರಿ. ಅದು ಹೋದದ್ದು ಅಳಿಯನ ಮನೆಗೆ. ವರದಕ್ಷಿಣೆ 1961ರಿಂದ ಅಪರಾಧ. ಅಪರಾಧಕ್ಕೆ ಕೊಟ್ಟ ದುಡ್ಡನ್ನು ತಂಗಿಯ ಪಾಲಿನಿಂದ ಮುರಿದುಕೊಳ್ಳುವುದು ಯಾವ ನ್ಯಾಯ? ತಮ್ಮನ ಓದಿಗೆ, ಅಣ್ಣನ ಟ್ರ್ಯಾಕ್ಟರಿಗೆ ಅಪ್ಪ ಕೊಟ್ಟದ್ದನ್ನು ಯಾರೂ ಮುರಿದುಕೊಳ್ಳಲಿಲ್ಲವಲ್ಲ.

"ಅಪ್ಪನ್ನ ಕೊನಿತನಕ ನೋಡಿಕೊಂಡವರು ನಾವು." ಈ ಮಾತಿಗೆ ತೂಕ ಇದೆ. ಆಸ್ಪತ್ರೆಗೆ ಹೊತ್ತವರು, ರಾತ್ರಿ ಎದ್ದವರು ನೀವಿರಬಹುದು. ಹೆಚ್ಚಿನ ಮನೆಗಳಲ್ಲಿ ಸೊಸೆ ಇರುತ್ತಾಳೆ, ಅವಳ ಹೆಸರನ್ನೂ ಯಾರೂ ಎತ್ತುವುದಿಲ್ಲ. ಹಾಗಿದ್ದರೆ ಖರ್ಚಿನ ಲೆಕ್ಕ ಮುಂದಿಟ್ಟು ಅಕ್ಕತಂಗಿಯರ ಎದುರಿಗೇ ಕೇಳಿ, "ಇಷ್ಟು ನಮಗೆ ಹೆಚ್ಚು ಬರಬೇಕು" ಅಂತ. ಕೊಡುವವರು ಇದ್ದಾರೆ. ಓದಿಸದೆ ಹೆಬ್ಬೆಟ್ಟು ಒತ್ತಿಸಿದರೆ ನೋಡಿಕೊಂಡ ಪುಣ್ಯವೂ ಉಳಿಯುವುದಿಲ್ಲ.

"ಹೊಲ ತುಂಡಾಗ್ತೈತಿ." ಮೂವರು ಗಂಡುಮಕ್ಕಳಿದ್ದರೂ ತುಂಡಾಗುತ್ತದೆ, ಆಗ ಈ ಚಿಂತೆ ಇರುವುದಿಲ್ಲ. ಹೊಲ ಒಟ್ಟಿಗೆ ಇಟ್ಟು ಜಂಟಿ ಖಾತೆ ಮಾಡಿಸಬಹುದು. ವರ್ಷದ ಲಾವಣಿಯಲ್ಲಿ ಪಾಲು ಕೊಡಬಹುದು. ಬೆಲೆ ಕಟ್ಟಿ ದುಡ್ಡು ಕೊಡಬಹುದು. ದಾರಿಗಳಿವೆ.

"ಆಕೀನ ಬ್ಯಾಡ ಅಂದ್ಲು." ನಿಜ ಇರಬಹುದು. ಮನಸಾರೆ ಬಿಟ್ಟುಕೊಡುವ ಹಕ್ಕೂ ಅವಳದೇ. ಹಾಗಾದರೆ ಅವಸರ ಯಾಕೆ? ಮೂರು ತಿಂಗಳು ಕಳೆಯಲಿ. ಕಾಗದ ಅವಳ ಮನೆಗೆ ಹೋಗಲಿ, ಅವಳು ಇಷ್ಟಪಟ್ಟವರ ಹತ್ತಿರ ಓದಿಸಿಕೊಳ್ಳಲಿ. ಆಮೇಲೂ ಬೇಡ ಅಂದರೆ ಉಪನೋಂದಣಿ ಕಚೇರಿಗೆ ಬಂದು ಬರೆದುಕೊಡುತ್ತಾಳೆ. ಹೇಗಿದ್ದರೂ ಹೊಲ, ಮನೆಯ ಹಕ್ಕು ಬಿಡುಗಡೆ ನೋಂದಣಿಯಾಗದೆ ಗಟ್ಟಿಯಾಗುವುದಿಲ್ಲ. ಪೌತಿ ಖಾತೆಯಲ್ಲಿ ಅಣ್ಣನ ಹೆಸರೊಂದೇ ಬಂದರೂ ಅದರಿಂದ ಒಡೆತನ ಹುಟ್ಟುವುದಿಲ್ಲ, ಅಳಿಯುವುದೂ ಇಲ್ಲ. ಪಹಣಿ ಕಂದಾಯದ ದಾಖಲೆ ಅಷ್ಟೇ. ಆದರೆ ವರ್ಷಗಳು ಕಳೆದಷ್ಟೂ ಕೇಳುವುದು ಕಷ್ಟ. ವಂಶವೃಕ್ಷ ಮಾಡಿಸುವಾಗಲೇ ಎಲ್ಲ ಹೆಣ್ಣುಮಕ್ಕಳ ಹೆಸರು ಇದೆಯಾ ನೋಡಿಕೊಳ್ಳಬೇಕು. ಹೆಸರು ಬಿಟ್ಟು ಮಾಡಿಸಿದ ವಂಶವೃಕ್ಷ ಸುಳ್ಳು ದಾಖಲೆ.

ಈಗ ಮತ್ತೆ ಟ್ರಂಕಿಗೆ ಬರೋಣ. ಅವಸರದ ಹಂಚಿಕೆಯಲ್ಲಿ ಹೆಣ್ಣುಮಕ್ಕಳ ಜೊತೆಗೆ ಇಡೀ ಮನೆಯೇ ಕಳೆದುಕೊಳ್ಳುವುದು ಇಲ್ಲಿ. ಸೀರೆ, ಪಾತ್ರೆ ಹಂಚಿಯಾದ ಮೇಲೆ ಉಳಿದದ್ದು "ಹಳೆ ಕಾಗದ". ಗುಜರಿಯವನು ಬಂದು ಕೆಜಿ ಲೆಕ್ಕದಲ್ಲಿ ತೂಗಿಕೊಂಡು ಹೋಗುತ್ತಾನೆ. ಆ ಕಾಗದದಲ್ಲಿ ಏನೇನಿರಬಹುದು?

ಬ್ಯಾಂಕ್ ಪಾಸ್‌ಬುಕ್. ಅದರಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಮುರಿದ ಸಾಲಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ. ವಿಮೆ ಚಾಲ್ತಿಯಲ್ಲಿದ್ದು 55 ವರ್ಷದೊಳಗೆ ತೀರಿಕೊಂಡಿದ್ದರೆ 2 ಲಕ್ಷ ರೂಪಾಯಿ. 20 ರೂಪಾಯಿ ಮುರಿದಿದ್ದರೆ ಅದು ಸುರಕ್ಷಾ ವಿಮೆ. 70 ವರ್ಷದೊಳಗಿನವರು ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. ಪಾಸ್‌ಬುಕ್ ನೋಡದಿದ್ದರೆ ಇದು ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಬಂಗಾರ ಅಡವಿಟ್ಟ ಚೀಟಿ. ಅದು ಕಳೆದು, ಬಡ್ಡಿ ಕಟ್ಟುವವರಿಲ್ಲದೆ ಹೋದರೆ ಅವ್ವನ ಸರ ಹರಾಜಿಗೆ ಹೋಗುತ್ತದೆ.

ಭೂನ್ಯಾಯ ಮಂಡಳಿಯ ಆದೇಶ. 1974ರ ಭೂಸುಧಾರಣೆಯ ಹೊತ್ತಿಗೆ ಗೇಣಿದಾರರಾಗಿದ್ದ ಅಜ್ಜಂದಿರು ನಮೂನೆ 7 ತುಂಬಿ ಪಡೆದ ಹೊಲದ ಆಧಾರ ಅದು. ಬಗರ್‌ಹುಕುಂ ಸಾಗುವಳಿಗೆ ನಮೂನೆ 50, 53, 57 ಕೊಟ್ಟ ಸ್ವೀಕೃತಿ ಚೀಟಿಗಳೂ ಇದೇ ಟ್ರಂಕಿನಲ್ಲಿರುತ್ತವೆ. ಅಪ್ಪ ವರ್ಷಗಟ್ಟಲೆ ಕಚೇರಿ ಅಲೆದು ತಂದ ಚೀಟಿ ಶೇಂಗಾ ಕಟ್ಟುವ ಪೊಟ್ಟಣವಾಗುತ್ತದೆ.

ಕೈಬರಹದ ಡೈರಿ. ಯಾರಿಗೆ ಎಷ್ಟು ಕೊಟ್ಟಿದ್ದು, ಯಾರಿಂದ ಎಷ್ಟು ತಂದದ್ದು ಅದರಲ್ಲಿದೆ. ಅದಿಲ್ಲದಿದ್ದರೆ ಸಾಲ ಕೊಟ್ಟಿದ್ದೆ ಅಂತ ಬಂದವರು ಹೇಳಿದ್ದೇ ಲೆಕ್ಕ.

ಠೇವಣಿ ಇದ್ದರೆ ಇನ್ನೊಂದು ಮಾತು ನೆನಪಿರಲಿ. ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಇಸಿದುಕೊಳ್ಳುವವನು. ಮಾಲೀಕ ಅಂತ ಅರ್ಥ ಅಲ್ಲ. ವಾರಸುದಾರರ ಪಾಲು ಹಾಗೇ ಉಳಿದಿರುತ್ತದೆ. ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೂ ವಾರಸುದಾರರು ಕೇಳಿ ಪಡೆಯಬಹುದು. 2023ರಲ್ಲಿ ಶುರುವಾದ ಉದ್ಗಮ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು.

ಅಮೆರಿಕದಲ್ಲಿ ಎಸ್ಟೇಟ್ ಸೇಲ್ ಅಂತ ಮಾಡುತ್ತಾರೆ. ಸತ್ತವರ ಮನೆಯ ಬಾಗಿಲು ತೆರೆದು, ಚಮಚದಿಂದ ಮಂಚದವರೆಗೆ ಬೆಲೆಚೀಟಿ ಅಂಟಿಸಿ, ಗುರುತಿಲ್ಲದವರಿಗೆ ಒಂದೆರಡು ದಿನದಲ್ಲಿ ಮಾರುತ್ತಾರೆ. ನಮ್ಮವರಿಗೆ ಕೇಳಿದರೆ ಕಲ್ಲುಮನಸ್ಸು ಅನಿಸುತ್ತದೆ. ಆದರೆ ಅಲ್ಲಿ ಪ್ರತಿ ಸಾಮಾನೂ ಬೆಳಕಿಗೆ ಬರುತ್ತದೆ, ಇಂಥದ್ದು ಇತ್ತು, ಇಷ್ಟಕ್ಕೆ ಹೋಯಿತು ಅನ್ನುವ ಲೆಕ್ಕ ಉಳಿಯುತ್ತದೆ. ನಮ್ಮಲ್ಲಿ ಕಣ್ಣೀರು ಹೆಚ್ಚು, ಲೆಕ್ಕ ಇಲ್ಲ. ಮಾರಾಟ ನಮಗೆ ಬೇಡ, ಪಟ್ಟಿ ಬೇಕು.

ಹಾಗಾಗಿ ನಾವು ಕೇಳುವುದು ಇಷ್ಟು.

ಟ್ರಂಕು ತೆರೆಯುವಾಗ ಎಲ್ಲ ಮಕ್ಕಳೂ, ಬದುಕಿರುವ ಅವ್ವ ಇಲ್ಲವೇ ಅಪ್ಪನೂ ಎದುರಿಗಿರಲಿ. ಒಬ್ಬರು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆಯಲಿ. ಪ್ರತಿ ಕಾಗದಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಲಿ. ಮದುವೆಯ ಫೋಟೋ ಹಾಕುವ ಗ್ರೂಪಿಗೆ ಪಹಣಿಯ ಫೋಟೋ ಹಾಕಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಯಾವ ಸಾಮಾನು ಯಾರಿಗೆ ಅನ್ನುವುದರಲ್ಲಿ ಮೊದಲ ಮಾತು ಬದುಕಿರುವ ಅವ್ವನದ್ದು. ಗಂಡನ ಟ್ರಂಕನ್ನು ಮಕ್ಕಳು ಹಂಚುವಾಗ ಮೂಲೆಯಲ್ಲಿ ಕೂತು ನೋಡುವುದಕ್ಕೆ ಅವಳು ನೆಂಟಳಲ್ಲ. ಅವಳೂ ಪಾಲುದಾರಳು.

ಪಟ್ಟಿ ಮುಗಿಯುವ ತನಕ ಗುಜರಿಯವನಿಗೆ ಒಂದು ಚೂರು ಕಾಗದವೂ ಬೇಡ.

ಸೀರೆ ಕೊಟ್ಟ ದಿನ ಸಹಿ ಬೇಡ. ಮೂರು ತಿಂಗಳು ಬಿಟ್ಟು, ಓದಿ, ಕೇಳಿ, ಆಮೇಲೆ.

ಅಕ್ಕತಂಗಿಯರಿಗೆ ಒಂದು ಮಾತು. "ಓದಿ ನೋಡ್ತೀನಿ, ಆಮೇಲೆ ಹೇಳ್ತೀನಿ" ಅನ್ನುವುದು ಜಗಳ ಅಲ್ಲ. ಅಷ್ಟಕ್ಕೇ ಮುನಿಸಿಕೊಳ್ಳುವ ತವರು ಸಹಿ ಹಾಕಿದರೂ ಹೆಚ್ಚು ದಿನ ಕರೆಯುವುದಿಲ್ಲ. ಈಗಾಗಲೇ ಓದದೆ ಸಹಿ ಹಾಕಿದ್ದರೆ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡಿ. ಆ ಕಾಗದ ನೋಂದಣಿಯಾಗಿದೆಯಾ ವಿಚಾರಿಸಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಅದನ್ನು ಕೊಟ್ಟಿದೆ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಈ ಬರಹವನ್ನು ಹೆಣ್ಣುಮಕ್ಕಳ ಗ್ರೂಪಿಗಷ್ಟೇ ಕಳಿಸಿ ಸುಮ್ಮನಾಗಬೇಡಿ. ಅಣ್ಣತಮ್ಮಂದಿರಿಗೆ ಕಳಿಸಿ, ಪಂಚಾಯಿತಿಗೆ ಕೂರುವ ಹಿರಿಯರಿಗೂ ಕಳಿಸಿ. ಬಾಂಡ್ ಪೇಪರ್ ಇರುವುದು ಅವರ ಜೇಬಿನಲ್ಲಿ.