ಗೋಡೆಗೆ ಚಿತ್ರ ಬೇಕು, ಶಾಲೆಗೆ ಡ್ರಾಯಿಂಗ್ ಮಾಸ್ತರ ಬೇಡವೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಸರಕಾರಿ ಶಾಲೆಗಳ ಗೋಡೆಗಳನ್ನು ಒಮ್ಮೆ ನೋಡಿ. ರೈಲು ಡಬ್ಬಿಯ ಹಾಗೆ ಬಣ್ಣ ಬಳಿದ ಕೊಠಡಿ, ಕಿಟಕಿಯ ಕೆಳಗೆ ಮಗ್ಗಿ, ಕಾಂಪೌಂಡಿನ ಮೇಲೆ ಗಾಂಧಿ, ಅಂಬೇಡ್ಕರ್, ಬಸವಣ್ಣ, ಪಕ್ಕದಲ್ಲಿ ಶೌಚಾಲಯ ಕಟ್ಟಿಸಿಕೊಳ್ಳಿ ಎಂಬ ಘೋಷಣೆ. ಇವುಗಳನ್ನು ಬರೆದವರಲ್ಲಿ ದೃಶ್ಯಕಲೆಯಲ್ಲಿ ಪದವಿ ಮಾಡಿದ ಹುಡುಗರೂ ಇದ್ದಾರೆ. ಅವರಿಗೆ ಸಿಗುವುದು ಚದರ ಅಡಿ ಲೆಕ್ಕದ ಕೂಲಿ. ಕೆಲಸ ಮುಗಿದ ಮೇಲೆ ಡಬ್ಬಿ, ಬ್ರಷ್ಷು ಎತ್ತಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಆ ಗೋಡೆಯ ಒಳಗೆ ಕೂತ ಮಕ್ಕಳಿಗೆ ಚಿತ್ರ ಹೇಳಿಕೊಡುವ ಮಾಸ್ತರರು ಇದ್ದಾರಾ ಅಂತ ಕೇಳಿದರೆ, ಹೆಚ್ಚಿನ ಕಡೆ ಇಲ್ಲ.

ಸರಕಾರಕ್ಕೆ ಚಿತ್ರ ಬರೆಯುವವರು ಬೇಡ ಅಂತಲ್ಲ, ಬೇಕು. ಆದರೆ ನೌಕರರಾಗಿ ಬೇಡ, ಕಂತ್ರಾಟಿನವರಾಗಿ ಬೇಕು. ನಮ್ಮ ಸಣ್ಣ ಸಣ್ಣ ವಿಶ್ವವಿದ್ಯಾಲಯಗಳ ದೃಶ್ಯಕಲಾ ವಿಭಾಗಗಳು ಇವತ್ತು ಯಾಕೆ ಸೊರಗಿವೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದ್ದು ಇಲ್ಲಿಂದಲೇ. "ಮಕ್ಕಳಿಗೆ ಕಲೆಯಲ್ಲಿ ಆಸಕ್ತಿ ಇಲ್ಲ, ಅದಕ್ಕೇ ಅಡ್ಮಿಶನ್ ಇಲ್ಲ" ಅನ್ನುವುದು ಅರ್ಧ ಸತ್ಯವೂ ಅಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1956ರವರೆಗೆ ವಿಜಾಪುರ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆ. ಚಿತ್ರ ಕಲಿಯಬೇಕೆಂದವರು ನೋಡುತ್ತಿದ್ದದ್ದು ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಕಡೆಗೆ. ಅಲ್ಲಿ ಕಲಿತ ಡಿ.ವಿ. ಹಾಲಭಾವಿ ಧಾರವಾಡಕ್ಕೆ ಮರಳಿ ಕಲಾಶಾಲೆ ತೆಗೆದರು. ಮುಂದೆ ಗದಗ, ದಾವಣಗೆರೆ, ಕಲಬುರಗಿಗಳಲ್ಲಿ ಒಂದೊಂದೇ ಶಾಲೆ ಎದ್ದವು. ದಾವಣಗೆರೆಯದ್ದು 1964ರಲ್ಲಿ ಸರಕಾರಿ ಕಲಾಶಾಲೆಯಾಗಿ ಶುರುವಾಗಿ, ಈಗ ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿದೆ. ಆಗಿನ ವಿಜಾಪುರ ಜಿಲ್ಲೆಯದೇ ಆಗಿದ್ದ ಬಾದಾಮಿಯ ಆರ್.ಎಂ. ಹಡಪದ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿ, ಕೈಯಲ್ಲಿ ಕಾಸಿಲ್ಲದ ಹುಡುಗರಿಗೂ ಕಲಿಸಿದರು.

ಈ ಶಾಲೆಗಳಿಗೆ ಹಳ್ಳಿಯ ಹುಡುಗರು ಬಂದದ್ದು ಪಿಕಾಸೊ ಆಗುತ್ತೇವೆ ಅಂತಲ್ಲ. ಕೆಲವರು ಹಾಗೂ ಬಂದಿರಬಹುದು, ಬಿಡಿ. ಬಹಳಷ್ಟು ಮಂದಿಯ ಕಣ್ಣ ಮುಂದೆ ಇದ್ದದ್ದು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಹುದ್ದೆ. ಸಂಬಳ, ಪಿಂಚಣಿ, ಊರಲ್ಲಿ ಮರ್ಯಾದೆ, ರಜೆಯಲ್ಲಿ ತನ್ನ ಚಿತ್ರ ತಾನು ಬರೆದುಕೊಳ್ಳುವ ಬಿಡುವು. ಒಕ್ಕಲುತನದ ಮನೆಯ ಅಪ್ಪ ಮಗನನ್ನು ಐದಾರು ವರ್ಷ ಚಿತ್ರ ಕಲಿಯಲಿಕ್ಕೆ ಕಳಿಸಿದ್ದು ಆ ನೌಕರಿಯ ಭರವಸೆಯ ಮೇಲೆ. ಉತ್ತರ ಕರ್ನಾಟಕದ ಕಲಾ ಶಿಕ್ಷಣದ ಕಟ್ಟಡ ನಿಂತದ್ದೇ ಆ ಒಂದು ಕಂಬದ ಮೇಲೆ. ಅದು ಆದರ್ಶವಾಗಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಕಂಬವಂತೂ ಇತ್ತು.

ಈಗ ಆ ಕಂಬವನ್ನು ಸದ್ದಿಲ್ಲದೆ ಕಿತ್ತಿದ್ದಾರೆ. ನಿವೃತ್ತರಾದ ಚಿತ್ರಕಲಾ ಶಿಕ್ಷಕರ ಜಾಗ ಎಷ್ಟೋ ಶಾಲೆಗಳಲ್ಲಿ ಖಾಲಿ ಬಿದ್ದಿದೆ. ಶಿಕ್ಷಕರ ನೇಮಕಾತಿ ಅಂದ ಕೂಡಲೇ ಗಣಿತ, ವಿಜ್ಞಾನ, ಇಂಗ್ಲಿಷ್. ಅವೂ ಬೇಕು, ತಕರಾರಿಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆಗೆದು ಓದಿ: ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವ ಈ ಮೂರಕ್ಕೂ ಅರೆಕಾಲಿಕ ಬೋಧಕರು ಇರಬೇಕು. ಅರೆಕಾಲಿಕವೇ ಆಗಲಿ, ಅದು ಕಾನೂನಿನ ಮಾತು. ನಿಮ್ಮೂರ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿ "ಕಲೆಯ ಬೋಧಕರು ಯಾರ್ರಿ?" ಅಂತ ಕೇಳಿ ನೋಡಿ, ಹೆಡ್‌ಮಾಸ್ತರರು ನಿಮ್ಮ ಮುಖ ನೋಡುತ್ತಾರೆ. ಅದೇ ಇಲಾಖೆ ಮಕ್ಕಳಿಗೆ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ನಡೆಸುತ್ತದೆ. ಕಲಿಸುವವರಿಲ್ಲದ ವಿಷಯಕ್ಕೆ ಪರೀಕ್ಷೆ!

ಇದರ ಪೆಟ್ಟು ಮೇಲಿನವರೆಗೂ ಮುಟ್ಟುತ್ತದೆ. ಶಾಲೆಯಲ್ಲಿ ನೌಕರಿ ಇಲ್ಲ ಅಂದರೆ ಬಿವಿಎಗೆ ಸೇರುವವರು ಕಡಿಮೆ. ಸೇರುವವರು ಕಡಿಮೆ ಅಂದರೆ ವಿಭಾಗಕ್ಕೆ ಕಾಯಂ ಹುದ್ದೆ ಇಲ್ಲ. ಕಾಯಂ ಹುದ್ದೆ ಇಲ್ಲದ ಕಡೆ ಅತಿಥಿ ಉಪನ್ಯಾಸಕರಿಂದಲೇ ವರ್ಷ ದೂಡಬೇಕು. ಅತಿಥಿ ಉಪನ್ಯಾಸಕರ ಬದುಕು ಏನೆಂಬುದು 2023ರ ಕೊನೆಯ ಮುಷ್ಕರದ ಹೊತ್ತಿಗೆ ಎಲ್ಲರಿಗೂ ಕಂಡಿತ್ತು. ಹತ್ತು ತಿಂಗಳಿಗೊಮ್ಮೆ ನೌಕರಿ ಇದೆಯೋ ಇಲ್ಲವೋ ಎನ್ನುವ ಮನುಷ್ಯ ನಾಲ್ಕು ವರ್ಷದ ಸ್ಟುಡಿಯೋ ಅಭ್ಯಾಸವನ್ನು ಹೇಗೆ ಕಟ್ಟಬೇಕು?

2025ರ ಆರಂಭದಲ್ಲಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಬಂದಿತ್ತು. ಪಕ್ಕದ ಬಾಗಲಕೋಟೆಯದೂ ಆ ಪಟ್ಟಿಯಲ್ಲಿತ್ತು. ಹಣವಿಲ್ಲ, ವಿದ್ಯಾರ್ಥಿಗಳಿಲ್ಲ ಎಂಬುದು ವಾದ. ಈ ತಲೆ ಎಣಿಕೆಯ ಲೆಕ್ಕಕ್ಕೆ ಮೊದಲು ಬಲಿಯಾಗುವುದು ದೃಶ್ಯಕಲೆಯಂಥ ವಿಭಾಗಗಳೇ. ಬಿ.ಕಾಂ. ಕ್ಲಾಸಿನಲ್ಲಿ ಎಂಬತ್ತು ಜನರನ್ನು ಕೂರಿಸಿ ಪಾಠ ಹೇಳಬಹುದು. ಫಿಗರ್ ಡ್ರಾಯಿಂಗ್ ಕ್ಲಾಸಿನಲ್ಲಿ ಎಂಬತ್ತು ಈಸೆಲ್ ಇಟ್ಟರೆ ಹಿಂದಿನ ಸಾಲಿನವರಿಗೆ ಮಾಡೆಲ್ ಕಾಣುವುದೇ ಇಲ್ಲ. ಇಲ್ಲಿ ಮೇಷ್ಟ್ರು ಒಬ್ಬೊಬ್ಬರ ಹಿಂದೆ ನಿಂತು, "ಭುಜ ಎಲ್ಲಿ ಇಳೀತದ ನೋಡು, ಮತ್ತೊಮ್ಮೆ ಅಳಿ" ಎನ್ನಬೇಕು. ಹನ್ನೆರಡು ಹದಿನೈದು ಮಕ್ಕಳಿದ್ದರೆ ಅದು ಆಗುತ್ತದೆ. ಸಣ್ಣ ವಿಭಾಗಕ್ಕೆ ಇರುವ ದೊಡ್ಡ ಬಲ ಇದು. ದೊಡ್ಡ ನಗರದ ಹೆಸರಾಂತ ಸಂಸ್ಥೆಯಲ್ಲಿ ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂರಬೇಕಾದ ಹುಡುಗಿ, ಇಲ್ಲಿ ತನ್ನ ಮಾತಿನಲ್ಲಿಯೇ "ಸರ್, ಈ ಬಣ್ಣ ಯಾಕೋ ಮಣ್ಣಾತು" ಅನ್ನಬಲ್ಲಳು. ಇದನ್ನು ಯಾವ ಮೌಲ್ಯಮಾಪನ ಸಮಿತಿಯೂ ಅಂಕಕ್ಕೆ ಹಿಡಿಯುವುದಿಲ್ಲ.

ಹಾಗಂತ ಸಣ್ಣದೆಲ್ಲ ಚಂದ ಅಂತಲೂ ಅಲ್ಲ. ಎಚಿಂಗ್ ಪ್ರೆಸ್ ಇಲ್ಲದೆ ಎಚಿಂಗ್ ಕಲಿಸಲಾಗದು. ಲೋಹ ಕರಗಿಸುವ ವ್ಯವಸ್ಥೆ ಇಲ್ಲದ ಶಿಲ್ಪ ವಿಭಾಗ ಮಣ್ಣು, ಪ್ಲಾಸ್ಟರಿಗೇ ನಿಲ್ಲುತ್ತದೆ. ಕಲೆಯ ಇತಿಹಾಸವನ್ನು ಜೆರಾಕ್ಸ್ ನೋಟ್ಸಿನಲ್ಲಿ ಓದಿ ಪರೀಕ್ಷೆ ಬರೆಯುವ ಪದ್ಧತಿ ಎಷ್ಟೋ ಕಡೆ ಇದೆ. ಎಂವಿಎ ಮುಗಿಸಿ ಉಪನ್ಯಾಸಕರಾಗೋಣ ಅಂದರೆ ಎನ್‌ಇಟಿ ದಾಟಬೇಕು, ಅದರ ದೃಶ್ಯಕಲೆ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಕಲೆಯ ಬಗ್ಗೆ ಯೋಚಿಸಿ, ಕನ್ನಡದಲ್ಲೇ ಸಂಶೋಧನೆ ಮಾಡಲಿ ಅಂತಲೇ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲಾ ವಿಭಾಗ ಇದೆ. ಆ ವಿಶ್ವವಿದ್ಯಾಲಯವೇ ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್‌ಗೆ, ಕರೆಂಟ್ ಬಿಲ್ಲಿಗೆ ಪರದಾಡಿದ್ದನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ.

ಈ ನಾಲ್ಕು ತಾಲೂಕುಗಳವರಿಗೆ ಇನ್ನೊಂದು ತೊಡಕಿದೆ. ಸಿಂದಗಿಯವರಿಗೆ ಧಾರವಾಡಕ್ಕಿಂತ ಕಲಬುರಗಿ ಹತ್ತಿರ. ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೇ ಹೆಸರಾದ ಎಸ್.ಎಂ. ಪಂಡಿತರ ಊರು ಅದು, ಕಲಾ ಕಾಲೇಜುಗಳಿರುವ ಊರು. ಆದರೆ 371(ಜೆ) ಬಂದ ಮೇಲೆ ಆ ಭಾಗದ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಕಲ್ಯಾಣ ಕರ್ನಾಟಕದವರಿಗೆ, ನೌಕರಿಗಳಲ್ಲೂ ದೊಡ್ಡ ಪಾಲು ಅವರಿಗೇ. ಅದು ನ್ಯಾಯವೇ, ನಿಜಾಮರ ಕಾಲದಿಂದ ಹಿಂದೆ ಉಳಿದ ನೆಲಕ್ಕೆ ಸಿಗಬೇಕಾದ್ದು. ಆದರೆ ಗಡಿಗೆರೆಯ ಈಚೆ ಇರುವ ಸಿಂದಗಿಯ ಬರಗಾಲ, ಆಚೆ ಇರುವ ಜೇವರ್ಗಿಯ ಬರಗಾಲಕ್ಕಿಂತ ಬೇರೆಯಲ್ಲ. ಇಲ್ಲಿಂದಲೂ ಜನ ಗೋವಾ, ಪುಣೆ ಅಂತ ದುಡಿಯಲಿಕ್ಕೆ ಹೋಗುತ್ತಾರೆ. ಅಂಥ ಮನೆಯ ಮಗನಿಗೆ ಹಾಸ್ಟೆಲು, ಕ್ಯಾನ್ವಾಸು, ಬಣ್ಣದ ಟ್ಯೂಬುಗಳ ಖರ್ಚು ನಾಲ್ಕು ವರ್ಷ ಹೊರುವುದು ಹಗುರದ ಮಾತಲ್ಲ. "ಬೋರ್ಡ್ ಬರಿಯಾಕ ನಾಕ್ ವರ್ಷ ಕಲೀಬೇಕೇನ?" ಅಂತ ಮನೆಯಲ್ಲಿ ಕೇಳಿದರೆ ಅವರದು ತಪ್ಪಲ್ಲ.

ಬೋರ್ಡ್ ಬರೆಯುವ ಕೆಲಸವೂ ಈಗ ಉಳಿದಿಲ್ಲ ಎನ್ನುವುದು ಬೇರೆ ಮಾತು. ಒಂದು ಕಾಲಕ್ಕೆ ತಾಲೂಕು ಊರುಗಳ ಬಜಾರಿನಲ್ಲಿ ಪ್ರತಿ ಅಂಗಡಿಯ ಫಲಕದ ಮೂಲೆಯಲ್ಲೂ ಯಾವುದೋ ಒಂದು 'ಆರ್ಟ್ಸ್' ಎಂಬ ಸಹಿ ಇರುತ್ತಿತ್ತು. ಜಾತ್ರೆಯ ನಾಟಕಕ್ಕೆ ಅರಮನೆ, ಕಾಡು, ಬೀದಿಯ ಪರದೆಗಳು ಬೇಕಿದ್ದವು, ಅವನ್ನು ಬರೆಯುವ ಕೈಗಳೂ ಇದ್ದವು. ಫ್ಲೆಕ್ಸ್ ಬಂದು ಎರಡನ್ನೂ ನುಂಗಿತು. ಕಲಾ ಪದವೀಧರರು ಈಗ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಹುಟ್ಟುಹಬ್ಬದ ಬ್ಯಾನರಿಗೆ ನಾಯಕರ ಮುಖ ಕತ್ತರಿಸಿ ಅಂಟಿಸುತ್ತಾರೆ, ಇಲ್ಲವೇ ಮದುವೆ ಸ್ಟೇಜ್ ಕಟ್ಟುತ್ತಾರೆ.

ಹಾಗಾದರೆ ಈ ನೆಲದಲ್ಲಿ ಚಿತ್ರ ಕಲಿತವರಿಗೆ ಮಾಡಲಿಕ್ಕೆ ಕೆಲಸ ಇಲ್ಲವೇ? ಸಿಂದಗಿಯಿಂದ ವಿಜಯಪುರಕ್ಕೆ ಹೋಗುವ ಬಸ್ಸು ಕುಮಟಗಿಯನ್ನು ದಾಟಿಯೇ ಹೋಗಬೇಕು. ಅಲ್ಲಿ ಆದಿಲ್‌ಶಾಹಿಗಳ ಬೇಸಿಗೆ ಮಂಟಪಗಳಿವೆ, ಒಳಗೋಡೆಯ ಮೇಲೆ ಭಿತ್ತಿಚಿತ್ರಗಳಿದ್ದವು. ಕುದುರೆ ಏರಿ ಚೆಂಡಾಡುವವರು, ಕುಸ್ತಿಯವರು. ಶತಮಾನದ ಹಿಂದೆ ಹೆನ್ರಿ ಕಸೆನ್ಸ್ ವಿಜಾಪುರದ ಕಟ್ಟಡಗಳ ಬಗ್ಗೆ 1916ರ ತನ್ನ ದೊಡ್ಡ ಪುಸ್ತಕದಲ್ಲಿ ಅವುಗಳ ಬಗ್ಗೆ ಬರೆದ. ಈಗ ಬಹುಪಾಲು ಮಾಸಿವೆ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ವಿಜಾಪುರ ಇಡೀ ದಖ್ಖನಿನ ಚಿತ್ರಕಲೆಯ ರಾಜಧಾನಿಯಂತಿತ್ತು. ಆ ಆಸ್ಥಾನದ ಯೋಗಿನಿಯ ಪ್ರಸಿದ್ಧ ಚಿತ್ರ ಇವತ್ತು ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. 1570ರ ಸುಮಾರಿಗೆ ಇಲ್ಲೇ ತಯಾರಾದ 'ನುಜೂಮ್ ಅಲ್ ಉಲೂಮ್' ಎಂಬ ಸಚಿತ್ರ ಹಸ್ತಪ್ರತಿಯೂ ಅಲ್ಲೇ. 2015ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ದಖ್ಖನಿ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನ ಮಾಡಿತು. ನಮ್ಮ ಬಿವಿಎ ವಿದ್ಯಾರ್ಥಿ ರೆನೆಸಾನ್ಸ್ ಬಗ್ಗೆ ಹತ್ತು ಅಂಕದ ಉತ್ತರ ಬಾಯಿಪಾಠ ಮಾಡುತ್ತಾನೆ, ಕುಮಟಗಿಯಲ್ಲಿ ಬಸ್ಸಿನಿಂದ ಇಳಿಯುವುದಿಲ್ಲ. ಇಳಿಸುವವರೂ ಇಲ್ಲ.

ಅಲ್ಲಿ ಉಳಿದಿರುವ ಗೆರೆಗಳನ್ನು ಪ್ರತಿ ಮಾಡಿಕೊಳ್ಳುವುದು, ಸುಣ್ಣದ ಗಾರೆಯ ಮೇಲೆ ಬಣ್ಣ ಹೇಗೆ ಕೂತಿದೆ ಅಂತ ತಿಳಿಯುವುದು, ಹಳ್ಳಿಗಳಲ್ಲಿ ಮೂಲೆಗೆ ಬಿದ್ದ ನಾಟಕದ ಪರದೆಗಳನ್ನು ಹುಡುಕಿ ದಾಖಲಿಸುವುದು ಪೂರಾ ಒಂದು ವಿಭಾಗಕ್ಕೆ ಹತ್ತು ವರ್ಷದ ಕೆಲಸ. ಹಲಸಂಗಿ ಇಂಡಿ ಸೀಮೆಯ ಊರೇ. ಅಲ್ಲಿ ಮಧುರಚೆನ್ನರು ಮತ್ತವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡು ಕನ್ನಡಕ್ಕೆ ಕೊಟ್ಟರು, ಯಾವ ವಿಶ್ವವಿದ್ಯಾಲಯದ ನೆರವೂ ಇಲ್ಲದೆ. ಕಣ್ಣಿಗೆ ಕಾಣುವ ಪರಂಪರೆಗೆ ಅಂಥ ಗೆಳೆಯರ ಗುಂಪು ಇಲ್ಲಿ ಹುಟ್ಟಲಿಲ್ಲ.

ಹೊಸದಾಗಿ ಹಣ ಹಾಕುವುದಾದರೆ ಎಲ್ಲಿ? ನನ್ನ ಮಟ್ಟಿಗೆ ಮೊದಲು ತೊರವಿಯಲ್ಲಿ. ಅಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವನ್ನು 2003ರಲ್ಲಿ ಕಟ್ಟಿದ್ದೇ ಹೆಣ್ಣುಮಕ್ಕಳಿಗೆಂದು. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಬಾಗೇವಾಡಿಯ ಹುಡುಗಿಗೆ ವಿಜಯಪುರಕ್ಕೆ ದಿನಾ ಹೋಗಿ ಬರಲು ಟಿಕೆಟ್ ಖರ್ಚಿಲ್ಲ. "ಹಾಸ್ಟೆಲ್‌ಗೆ ಕಳಸಂಗಿಲ್ಲ" ಅನ್ನುವ ಮನೆಗಳೂ ದಿನದ ಬಸ್ಸಿಗೆ ಒಪ್ಪುತ್ತವೆ. ದೃಶ್ಯಕಲೆಗೆ ಅಲ್ಲಿ ಕಾಯಂ ಅಧ್ಯಾಪಕರು, ಒಳ್ಳೆಯ ಸ್ಟುಡಿಯೋ, ಒಂದು ಪ್ರೆಸ್ ಕೊಟ್ಟು ನೋಡಲಿ.

ಅದಕ್ಕಿಂತ ಮೊದಲು ಶಾಲೆಯ ಹುದ್ದೆಗಳು. 2023ರ ಚುನಾವಣೆಯಲ್ಲಿ ಈ ನಾಲ್ಕೂ ಕ್ಷೇತ್ರಗಳಲ್ಲಿ ಗೆದ್ದದ್ದು ಆಡಳಿತ ಪಕ್ಷವೇ, ಬಸವನ ಬಾಗೇವಾಡಿಗೆ ಮಂತ್ರಿಗಿರಿಯೂ ಸಿಕ್ಕಿತು. ಶಾಸಕರು ಸದನದಲ್ಲಿ ಕೇಳಬೇಕಾದ್ದು ದೊಡ್ಡದೇನಲ್ಲ. ತಮ್ಮ ತಾಲೂಕಿನ ಸರಕಾರಿ ಪ್ರೌಢಶಾಲೆಗಳಲ್ಲಿ ಮಂಜೂರಾದ ಚಿತ್ರಕಲಾ ಶಿಕ್ಷಕರ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವ ವರ್ಷದಿಂದ ಖಾಲಿ? ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕಲಾ ಬೋಧಕರು ಎಷ್ಟು ಕಡೆ ಇದ್ದಾರೆ? ಜೊತೆಗೆ ಇನ್ನೊಂದು ಲೆಕ್ಕವನ್ನೂ ಕೇಳಲಿ: ಅದೇ ಶಾಲೆಗಳ ಗೋಡೆಗೆ ಚಿತ್ರ ಬರೆಸಲು ಕಳೆದ ಐದು ವರ್ಷದಲ್ಲಿ ಖರ್ಚಾದ ಹಣ ಎಷ್ಟು, ಅದರಲ್ಲಿ ಬರೆದವನ ಕೈಗೆ ಬಂದದ್ದೆಷ್ಟು?